ಟೀಚರ್ ಯಾವಾಗ ತಿರುಗಿ ನೋಡುತ್ತಾರೆ?

ಮೂರು ವರ್ಷ ದಾಟಿದ ಹುಡುಗಿ. ನಡೆಯಲು ಬರುತ್ತಿತ್ತು, ಓಡಲೂ ಬರುತ್ತಿತ್ತು. ಆದರೆ ಶಿಶುವಿಹಾರಕ್ಕೆ ಸೇರಿ ಮೂರು ವಾರ ಕಳೆದರೂ ನೆಲ ಬಿಟ್ಟು ಏಳಲೊಲ್ಲಳು. ಬೆಳಗಿನ ಹೊತ್ತೆಲ್ಲ ಅಂಬೆಗಾಲು; ಇಲ್ಲವಾದರೆ ಮುದುಡಿ ಕೂತು ಮುಖ ಮುಚ್ಚಿಕೊಳ್ಳುವುದು. ಮನೆಗೆ ಯಾರಾದರೂ ಬಂದಾಗ, ತಾವೇ ಯಾರ ಮನೆಗಾದರೂ ಹೋದಾಗ ಇವಳು ಹೀಗೆ ಮಾಡುವುದು ಕೆಲವು ತಿಂಗಳಿಂದ ನಡೆದೇ ಇದೆ ಎಂದು ಹೆತ್ತವರು ಹೇಳಿದರು. ಇದು 1960ರ ದಶಕದ ಆರಂಭದ ಮಾತು. ಊರು ಅಮೆರಿಕದ ಸಿಯಾಟಲ್. ಶಿಶುವಿಹಾರ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಸಂಸ್ಥೆಯದು.

ಅಲ್ಲಿನ ಟೀಚರುಗಳು ಗದರುವವರಾಗಲಿ, ಬೆತ್ತ ಹಿಡಿದವರಾಗಲಿ ಆಗಿರಲಿಲ್ಲ. ದಂಡಂ ದಶಗುಣಂ ಎನ್ನುವ ಕಾಲವನ್ನು ಅಂಥ ಶಿಶುವಿಹಾರಗಳು ಆಗಲೇ ದಾಟಿದ್ದವು. ಫ್ರಾಯ್ಡ್ ಮತ್ತು ಅವನ ನಂತರದವರ ಪ್ರಭಾವದಲ್ಲಿ ಬೆಳೆದ ಶಿಕ್ಷಣ ಅದು. ಮಗು ವಿಚಿತ್ರವಾಗಿ ಆಡುತ್ತಿದೆಯೆಂದರೆ ಅದರ ಮನಸ್ಸಿಗೆ ಎಲ್ಲೋ ಭದ್ರತೆ ಸಾಲದಾಗಿದೆ, ಆ ಕೊರತೆಯನ್ನು ಪ್ರೀತಿಯಿಂದ ತುಂಬಬೇಕು ಎಂದು ಅವರು ಕಲಿತಿದ್ದರು. ಕಲಿತ ಹಾಗೆಯೇ ಮಾಡಿದರು. ಹುಡುಗಿ ನೆಲಕ್ಕೆ ಇಳಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಹತ್ತಿರ ಹೋಗಿ ಮಾತಾಡಿಸುವರು, ರಮಿಸುವರು. ಹುಡುಗಿ ಏಳಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದನ್ನು ಕಂಡುಹಿಡಿದ ಕತೆ ಎಂದರೆ ಕೆಲವರಿಗೆ ನಗು ಬಂದೀತು. ಯಂತ್ರವಿಲ್ಲ, ಔಷಧಿಯಿಲ್ಲ, ಹೊಸ ಆಟಿಕೆಯೂ ಇಲ್ಲ. ಟೀಚರುಗಳಲ್ಲಿ ಮೊದಲೇ ಇದ್ದ ಮಮತೆ ಮಗುವಿನ ಮೇಲೆ ಯಾವ ಗಳಿಗೆಯಲ್ಲಿ ಬೀಳುತ್ತಿದೆ ಎಂದು ನೋಡಿದ್ದಷ್ಟೇ ಅಲ್ಲಿ ಹೊಸದು. ಅದನ್ನು ನೋಡಿದವರಿಗೇ ಫಲ ಕಂಡು ಆಶ್ಚರ್ಯವಾಯಿತು.

ಆ ಸಂಸ್ಥೆಯ ಮುಖ್ಯಸ್ಥ ಸಿಡ್ನಿ ಬಿಜೂ. ಇಂಡಿಯಾನಾದಲ್ಲಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಜೊತೆ ಕೆಲಸ ಮಾಡಿ ಬಂದಿದ್ದವರು. ಪಾರಿವಾಳ, ಇಲಿಗಳ ಮೇಲೆ ಪೆಟ್ಟಿಗೆಯೊಳಗೆ ನಡೆಯುತ್ತಿದ್ದ ಕಲಿಕೆಯ ಪ್ರಯೋಗಗಳು ಮಕ್ಕಳ ಬದುಕಿಗೆ ಏನಾದರೂ ಹೇಳುತ್ತವೆಯೇ ಎಂಬುದು ಅವರ ಆಸಕ್ತಿ. ಶಿಶುವಿಹಾರದ ಹೊಣೆ ಫ್ಲಾರೆನ್ಸ್ ಹ್ಯಾರಿಸ್ ಅವರದು. 1962ರಲ್ಲಿ ಮಾಂಟ್ರೋಸ್ ವುಲ್ಫ್ ಎಂಬ ತರುಣ ಅಲ್ಲಿಗೆ ಬಂದು ಸೇರಿದ. ವಯಸ್ಸು ಇಪ್ಪತ್ತೇಳು, ಪಿಎಚ್.ಡಿ. ಇನ್ನೂ ಕೈಗೆ ಬಂದಿರಲಿಲ್ಲ. ಡೊನಾಲ್ಡ್ ಬೇರ್, ಟಾಡ್ ರಿಸ್ಲಿ ಕೂಡ ಅದೇ ಗುಂಪಿನವರು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಈ ಗಂಡಸರ ಹೆಸರುಗಳೇ ಬರುತ್ತವೆ. ಆದರೆ ಆಗ ಪ್ರಕಟವಾದ ಪ್ರಬಂಧಗಳನ್ನು ತೆರೆದು ನೋಡಿದರೆ ಮೊದಲ ಸಾಲಿನಲ್ಲಿ ಇರುವವರು ಐಲೀನ್ ಆ್ಯಲನ್, ಬೆಟ್ಟಿ ಹಾರ್ಟ್, ಹ್ಯಾರಿಸ್ ಇಂಥವರು. ದಿನವೂ ಮಕ್ಕಳ ಮೂಗು ಒರೆಸಿ, ಕೋಟು ತೊಡಿಸಿ, ಜಗಳ ಬಿಡಿಸುತ್ತಿದ್ದ ಶಿಶುವಿಹಾರದ ಹೆಂಗಸರು ವಿಜ್ಞಾನದ ಪತ್ರಿಕೆಯಲ್ಲಿ ಲೇಖಕರಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಕೆಲಸ ನಡೆದದ್ದೂ ಅವರ ಕೈಯಲ್ಲೇ.

ಮೊದಲು ಮಾಡಿದ್ದು ಎಣಿಕೆ. ಒಬ್ಬರು ಪಾಠ ಆಟ ಯಾವುದಕ್ಕೂ ಸೇರದೆ ಕಾಗದ ಹಿಡಿದು ಕೂತು, ಸಣ್ಣ ಸಣ್ಣ ಚೌಕಗಳಲ್ಲಿ ಗುರುತು ಹಾಕುತ್ತ ಹೋಗುವುದು: ಈಗ ಹುಡುಗಿ ಕಾಲ ಮೇಲೆ ಇದ್ದಾಳೋ ನೆಲದ ಮೇಲೋ? ಟೀಚರ್ ಹತ್ತಿರ ಇದ್ದಾರೋ ಇಲ್ಲವೋ? ಲೆಕ್ಕ ಕೂಡಿಸಿದಾಗ ಹುಡುಗಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಸಮಯವನ್ನು ನೆಲದ ಮೇಲೇ ಕಳೆಯುತ್ತಿದ್ದದ್ದು ಗೊತ್ತಾಯಿತು. ಅದು ಎಲ್ಲರಿಗೂ ಕಣ್ಣಿಗೆ ಕಾಣುತ್ತಿದ್ದ ಸಂಗತಿಯೇ. ಪಕ್ಕದ ಕಾಲಂ ಹೇಳಿದ್ದು ಮಾತ್ರ ಯಾರಿಗೂ ಕಂಡಿರಲಿಲ್ಲ. ಹುಡುಗಿ ಅಂಬೆಗಾಲಿಗೆ ಇಳಿದಾಗ ಟೀಚರುಗಳು ಮೇಲಿಂದ ಮೇಲೆ ಅವಳತ್ತ ಹೋಗುತ್ತಿದ್ದರು. ಎಂದಾದರೊಮ್ಮೆ ಎದ್ದು ನಿಂತಳೋ, ಸದ್ಯ ಸರಿಯಾಗಿದ್ದಾಳೆ ಎಂದು ನಿಟ್ಟುಸಿರು ಬಿಟ್ಟು ಬೇರೆ ಮಕ್ಕಳ ಕಡೆ ಹೊರಳುತ್ತಿದ್ದರು.

ಯಾವ ತಾಯಿಯೂ, ಯಾವ ಟೀಚರೂ ಮಾಡುವುದು ಇದನ್ನೇ. ಸುಮ್ಮನೆ ಆಡುತ್ತಿರುವ ಮಗುವನ್ನು ಕೆಣಕಬಾರದು ಎಂಬುದು ಮನೆಮನೆಯ ವಿವೇಕ. ಮಗು ಆಡಿಕೊಂಡಿದ್ದರೆ ಅನ್ನಕ್ಕೆ ಇಡಬಹುದು, ಬಟ್ಟೆ ಒಗೆಯಬಹುದು. ರಚ್ಚೆ ಹಿಡಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಮಗುವಿನ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ಸಿಯಾಟಲಿನ ಆ ಕಾಗದ ತೋರಿಸಿತು.

ಆಮೇಲೆ ಟೀಚರುಗಳು ತಮ್ಮ ನಡೆಯನ್ನು ಬದಲಿಸಿದರು. ಹುಡುಗಿಗೆ ಒಂದು ಮಾತೂ ಹೇಳಲಿಲ್ಲ. ಅವಳು ಅಂಬೆಗಾಲಿನಲ್ಲಿದ್ದರೆ, ಮುದುಡಿ ಕೂತಿದ್ದರೆ ಯಾರೂ ಅತ್ತ ಹೋಗಕೂಡದು. ಎದ್ದು ನಿಂತರೆ, ನಡೆದರೆ, ಓಡಿದರೆ ಆ ಹೊತ್ತು ಪೂರ್ತಿ ಅವಳ ಜೊತೆಗಿದ್ದು ಅಕ್ಕರೆಯಿಂದ ಮಾತಾಡಿಸಬೇಕು. ಮೊದಲ ದಿನಗಳ ತೊಡಕೆಂದರೆ ಆಕೆ ಏಳುವುದೇ ಅಪರೂಪ. ಹಾಗಾದರೆ ಎಲ್ಲಿ ಹಿಡಿಯುವುದು? ಎರಡು ಜಾಗ ಸಿಕ್ಕವು. ಕೋಟನ್ನು ತನ್ನ ಬೀರುವಿನ ಗೂಟಕ್ಕೆ ಹಾಕಲು ಅಥವಾ ತೆಗೆಯಲು ಆಕೆ ಆನಿಕೊಂಡು ಅರ್ಧಂಬರ್ಧ ಮೇಲೇಳಬೇಕಿತ್ತು. ಕೈ ತೊಳೆಯುವ ತೊಟ್ಟಿಯ ಅಂಚು ಹಿಡಿದು ಇನ್ನೊಮ್ಮೆ ಏಳಬೇಕಿತ್ತು. ಟೀಚರುಗಳು ಆ ಎರಡು ಜಾಗಗಳಲ್ಲಿ ಕಾದು ನಿಂತರು. ಪೂರ್ತಿ ನಿಲ್ಲಲಿ, ಆಮೇಲೆ ಮಾತಾಡಿಸೋಣ ಎಂದು ತಡ ಮಾಡಲಿಲ್ಲ. ಮೊಣಕಾಲು ನೆಲ ಬಿಟ್ಟ ಕ್ಷಣವೇ ಪಕ್ಕದಲ್ಲಿ ಹಾಜರಿದ್ದರು.

ವಾರದೊಳಗೆ ಹುಡುಗಿ ಹೆಚ್ಚುಕಡಿಮೆ ಉಳಿದ ಮಕ್ಕಳ ಹಾಗೆ ಓಡಾಡತೊಡಗಿದಳು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಂದು ಶಿಶುವಿಹಾರದ ಸಂತೋಷದ ಸುದ್ದಿಯಾಗಿ ಮುಗಿದುಹೋಗುತ್ತಿತ್ತು. ಹೊಸ ಜಾಗ ರೂಢಿಯಾಯಿತು, ಅದಕ್ಕೇ ಎದ್ದಳು ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಸ್ನೇಹಿತರು ಸಿಕ್ಕರು ಎನ್ನಬಹುದಿತ್ತು. ಆದ್ದರಿಂದ ಅವರು ಓದುವಾಗ ಎದೆ ಧಸಕ್ಕೆನ್ನುವಂಥ ಒಂದು ಕೆಲಸ ಮಾಡಿದರು. ಎಲ್ಲವನ್ನೂ ತಿರುಗಿಸಿ ಹಾಕಿದರು. ಹುಡುಗಿ ನೆಲಕ್ಕೆ ಇಳಿದಾಗ ಮತ್ತೆ ಮೊದಲಿನಂತೆ ಹತ್ತಿರ ಹೋದರು, ನಿಂತಾಗ ಸುಮ್ಮನಾದರು. ಎರಡನೆಯ ದಿನಕ್ಕೇ ಆಕೆ ಹಳೆಯ ದಾರಿಗೆ ಬಿದ್ದಳು, ಮತ್ತೆ ನೂರಕ್ಕೆ 80 ಪಾಲು ಸಮಯ ನೆಲದ ಮೇಲೆ. ಆಗ ಮೂರನೆಯ ಬಾರಿ ತಿರುಗಿಸಿದರು. ಆ ದಿನವೇ ಅವಳು ಏಳುವುದು ಹೆಚ್ಚಾಯಿತು. ನಾಲ್ಕನೆಯ ದಿನಕ್ಕೆ ನೂರಕ್ಕೆ 62ರಷ್ಟು ಹೊತ್ತು ಕಾಲ ಮೇಲೆ ಇದ್ದಳು. ಒಮ್ಮೆ ನೆಲ ಬಿಟ್ಟ ಮೇಲೆ ಬೇಗನೆ ಗುಂಪಿನಲ್ಲಿ ಬೆರೆತಳು. ಬೆರೆತು ಆಡುವುದು ಅವಳಿಗೆ ಮೊದಲಿಂದಲೂ ಬರುತ್ತಿತ್ತು ಎಂದು ಟೀಚರುಗಳಿಗೆ ಗೊತ್ತಾದದ್ದು ಆಗ.

ಗುಣವಾದ ಮಗುವನ್ನು ಬೇಕೆಂದೇ ಎರಡು ದಿನ ಹಿಂದಕ್ಕೆ ತಳ್ಳಿದ್ದು ನ್ಯಾಯವೇ? ನನಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಒಂದನ್ನು ಒಪ್ಪಬೇಕು. ಆ ಎರಡು ದಿನ ಇಲ್ಲದಿದ್ದರೆ, ಟೀಚರುಗಳ ಒಳ್ಳೆಯತನವೇ ಮಗುವನ್ನು ನೆಲಕ್ಕೆ ಕಟ್ಟಿಹಾಕಿತ್ತು ಎಂಬ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಆ ಟೀಚರುಗಳೂ ನಂಬುತ್ತಿರಲಿಲ್ಲ. ಕಹಿಯಾದ ಸಂಗತಿಗೆ ಗಟ್ಟಿಯಾದ ಸಾಕ್ಷಿಯೇ ಬೇಕಾಗುತ್ತದೆ.

ಮುಂದಿನದು ಅಳುವ ಹುಡುಗರ ಕತೆ. ನಾಲ್ಕು ವರ್ಷದ ಇಬ್ಬರು. ಮಾತು ಬಲ್ಲವರು, ಚುರುಕು, ಆಟದಲ್ಲೂ ಮುಂದೆ. ಆದರೆ ಚೂರು ತಾಗಿದರೂ ಅಳು, ಯಾರಾದರೂ ಆಟಿಕೆ ಕಿತ್ತುಕೊಂಡರೂ ಅಳು. ಒಬ್ಬನಂತೂ ಒಂದು ಬೆಳಗಿಗೆ ಸರಾಸರಿ ಎಂಟು ಬಾರಿ. ಇಲ್ಲಿ ಟೀಚರುಗಳ ಮುಂದೆ ನಿಜವಾದ ಸಂಕಟ ಬಂತು. ಅಂಬೆಗಾಲನ್ನು ನೋಡದ ಹಾಗೆ ಇರುವುದು ಬೇರೆ. ಅಳುವ ಮಗುವಿಗೆ ಬೆನ್ನು ತಿರುಗಿಸುವುದು ಬೇರೆ. ಮಗು ನಿಜವಾಗಿ ಬಿದ್ದು ಪೆಟ್ಟು ಮಾಡಿಕೊಂಡಿದ್ದರೆ?

ಅದಕ್ಕಾಗಿ ಅವರು ಅಳುವನ್ನೇ ಎರಡಾಗಿ ವಿಂಗಡಿಸಿದರು. ನೋವಾದಾಗ ತಾನಾಗಿ ಒಡೆದು ಬರುವ ಅಳು ಒಂದು. ಅತ್ತಿತ್ತ ನೋಡಿ, ಟೀಚರ್ ಕಣ್ಣಿಗೆ ಬಿದ್ದ ಮೇಲೆ ಜೋರಾಗುವ ಅಳು ಇನ್ನೊಂದು. ಮೊದಲನೆಯದಕ್ಕೆ ಓಡಲೇಬೇಕು, ಅದರಲ್ಲಿ ಚೌಕಾಸಿಯಿಲ್ಲ. ಅಳು ಕೇಳಿಸಿದ ಕೂಡಲೇ ಒಂದು ಸಲ ಕಣ್ಣು ಹಾಯಿಸಿ ಯಾವುದೆಂದು ತಿಳಿದುಕೊಳ್ಳುವುದು; ಎರಡನೆಯದಾದರೆ ಬೇರೆ ಮಗುವಿನ ಕೆಲಸದಲ್ಲಿ ತೊಡಗುವುದು, ಅಥವಾ ಅಲ್ಲಿಂದ ನಡೆದುಬಿಡುವುದು. ಅದೇ ಹುಡುಗ ಅಳದೆ ಬಾಯಲ್ಲಿ ಹೇಳಿದರೆ, ಬಿದ್ದವನು ತಾನೇ ಮಣ್ಣು ಕೊಡವಿಕೊಂಡು ಎದ್ದರೆ ಆಗ ಮನಸಾರೆ ಹತ್ತಿರ ಹೋಗುವುದು. ಲೆಕ್ಕವೂ ಅಂದಾಜಿನದಾಗಿರಲಿಲ್ಲ. 50 ಅಡಿ ದೂರಕ್ಕೆ ಕೇಳಬೇಕು, ಕನಿಷ್ಠ ಐದು ಸೆಕೆಂಡು ಇರಬೇಕು, ಆಗಲೇ ಅದು ಒಂದು ಅಳು. ಟೀಚರ್ ಜೇಬಿನಲ್ಲಿ, ಒತ್ತಿದರೆ ಒಂದಂಕಿ ಏರುವ ಅಗ್ಗದ ಎಣಿಕೆ ಯಂತ್ರ. ಕೆಲವೇ ದಿನಗಳಲ್ಲಿ ಅಂಕಿ ಸೊನ್ನೆ, ಒಂದು, ಎರಡಕ್ಕೆ ಇಳಿಯಿತು. ಇಲ್ಲಿಯೂ ತಿರುಗಿಸಿ ನೋಡಿದರು. ಹುಡುಗ ಮುಖ ಸಿಂಡರಿಸಿದರೆ, ಕುಸುಕುಸು ಎಂದರೆ ಸಾಕು, ಟೀಚರ್ ಪಕ್ಕದಲ್ಲಿ. ಅಳು ಹಿಂತಿರುಗಿತು. ಮತ್ತೆ ನಿಲ್ಲಿಸಿದರು, ಮತ್ತೆ ಇಳಿಯಿತು.

ಅತ್ತರೆ ತಾನೇ ಹಾಲು ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಸರಕಾರಿ ಕಚೇರಿಯ ಮುಂದೆ ನಿಂತವರಿಗೆ ಅದು ಉಪದೇಶ. ನಾಲ್ಕು ವರ್ಷದ ಮಗು ಅದನ್ನು ಉಪದೇಶವಿಲ್ಲದೆಯೇ ಕಲಿತಿರುತ್ತದೆ. ಆದರೆ ಈ ಪ್ರಯೋಗವನ್ನು ಅಳುವ ಮಗುವನ್ನು ಬಿಟ್ಟುಬಿಡಿ ಎಂದು ಓದಿಕೊಂಡವರು ಅರ್ಧವನ್ನು ಮಾತ್ರ ಓದಿದ್ದಾರೆ. ಟೀಚರುಗಳು ಮಗುವಿಗೆ ಕೊಡುತ್ತಿದ್ದ ಗಮನವನ್ನು ಕಡಿಮೆ ಮಾಡಲಿಲ್ಲ. ಅದರ ಜಾಗ ಬದಲಿಸಿದರು. ಅಳದೆ ಹೇಳಿದಾಗ ಹತ್ತಿರ ಹೋಗುವ ಕೆಲಸವನ್ನು ಬಿಟ್ಟು, ಅತ್ತಾಗ ಮುಖ ತಿರುಗಿಸುವುದನ್ನಷ್ಟೇ ಇಟ್ಟುಕೊಂಡರೆ ಅದರಲ್ಲಿ ಕಲಿಕೆಯಿಲ್ಲ, ಮಗುವನ್ನು ಒಂಟಿ ಮಾಡಿದ ಹಾಗಾಯಿತು ಅಷ್ಟೇ.

ಆ್ಯನ್ ಎಂದು ವರದಿಯಲ್ಲಿ ಕರೆದಿರುವ ನಾಲ್ಕು ವರ್ಷದ ಇನ್ನೊಬ್ಬ ಹುಡುಗಿಯದು ತದ್ವಿರುದ್ಧ ಪ್ರಸಂಗ. ಅಳುವುದಿಲ್ಲ, ಹಟವಿಲ್ಲ. ದೊಡ್ಡವರ ಜೊತೆ ದೊಡ್ಡವರಂತೆ ಮಾತು. ತಾನು ಕೂಡಿಟ್ಟ ಕಲ್ಲುಗಳನ್ನು ಅವರಿಗೆ ತೋರಿಸುವುದು. ಮೈಮೇಲಿನ ಚಿಕ್ಕ ತರಚು ಗಾಯವನ್ನು ಹುಡುಕಿ ಹೇಳುವುದು. ಟೀಚರುಗಳಿಗೆ ಇಷ್ಟವಾಗುವ ಮಗು. ಲೆಕ್ಕ ಹಾಕಿದಾಗ ತಿಳಿದದ್ದು: ಮಕ್ಕಳ ಜೊತೆ ಅವಳು ಕಳೆಯುತ್ತಿದ್ದದ್ದು ನೂರಕ್ಕೆ 10ಕ್ಕಿಂತ ಸ್ವಲ್ಪ ಹೆಚ್ಚು, ದೊಡ್ಡವರ ಜೊತೆ 40, ಉಳಿದರ್ಧ ಹೊತ್ತು ಒಬ್ಬಳೇ. ಅವಳ ಜಾಣತನಕ್ಕೆ ಟೀಚರುಗಳು ಮಾರುಹೋಗಿ, ತಾವೇ ಅವಳ ಗೆಳತಿಯರಾಗಿಬಿಟ್ಟಿದ್ದರು. ಇನ್ನು ಮುಂದೆ ಅವಳು ಬೇರೆ ಮಗುವಿನ ಪಕ್ಕ ನಿಂತಾಗ, ಜೊತೆಯಲ್ಲಿ ಆಡುವಾಗ ಮಾತ್ರ ಹೋಗುವುದೆಂದು ಮಾಡಿದರು. ಅದೂ ಅವಳೊಬ್ಬಳನ್ನೇ ಮಾತಾಡಿಸದೆ ಆ ಗುಂಪನ್ನೆಲ್ಲ ಸೇರಿಸಿ. ಮಕ್ಕಳ ಜೊತೆಗಿನ ಹೊತ್ತು ನೂರಕ್ಕೆ 60ರಷ್ಟಾಯಿತು. ಹುಡುಗಿಯ ಮಾತು ಜೋರಾಯಿತು, ಸ್ಪಷ್ಟವಾಯಿತು. ಗಾಯದ ದೂರುಗಳು ಕಡಿಮೆಯಾಗುತ್ತ ಬಂದವು. ಶಿಸ್ತು ಎಂದಾಗ ಸಾಮಾನ್ಯವಾಗಿ ಇಂಥ ಮಗು ಯಾರ ನೆನಪಿಗೂ ಬರುವುದಿಲ್ಲ. ಗಲಾಟೆ ಮಾಡದ ಮಗುವಿಗೂ ತರಗತಿಯಲ್ಲಿ ನಷ್ಟವಾಗುತ್ತಿರಬಹುದು ಎಂದು ತೋರಿಸಿದ ಕಾರಣಕ್ಕೆ ಈ ನಾಲ್ಕೈದು ಪ್ರಯೋಗಗಳಲ್ಲಿ ನನಗೆ ಇದೇ ಹೆಚ್ಚು ಮೆಚ್ಚುಗೆಯದು.

ಸಿಯಾಟಲಿನ ಈ ಪ್ರಯೋಗಗಳಲ್ಲಿ ಹೆಚ್ಚಿನವು 1964ರಲ್ಲಿ ಒಂದರ ಹಿಂದೆ ಒಂದು ಪ್ರಕಟವಾದವು. ಸುಮ್ಮನೆ ನಿಂತೇ ಇರುತ್ತಿದ್ದ ಮೂರು ವರ್ಷದ ಹುಡುಗನೊಬ್ಬನನ್ನು ಹತ್ತುವ ಆಟದ ಚೌಕಟ್ಟಿನತ್ತ ಇದೇ ರೀತಿಯಲ್ಲಿ ಕರೆತಂದ ಪ್ರಯೋಗ 1966ರಲ್ಲಿ ಬಂತು. ಎಲ್ಲ ಒಂದೊಂದೇ ಮಗುವಿನ ಕತೆಗಳಲ್ಲವೇ, ಹೊಡೆದಾಡುವ ಇಡೀ ತರಗತಿಗೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದರು. ಅದಕ್ಕೆ ಉತ್ತರ ಬೇರೆ ಇಬ್ಬರಿಂದ ಬಂತು. 1965ರಲ್ಲಿ ಪಾಲ್ ಬ್ರೌನ್ ಮತ್ತು ರೋಜರ್ಸ್ ಎಲಿಯಟ್ ಮೂರು–ನಾಲ್ಕು ವರ್ಷದ 27 ಗಂಡುಹುಡುಗರ ಒಂದು ತರಗತಿಯನ್ನು ಆರಿಸಿಕೊಂಡರು. ಗುದ್ದುವುದು, ತಳ್ಳುವುದು, ಬೈಯುವುದು, ಹೆದರಿಸುವುದು ಎಲ್ಲವೂ ಇದ್ದ ತರಗತಿ. ತೀರ ಅಪಾಯವಿಲ್ಲದಿದ್ದರೆ ಜಗಳದತ್ತ ನೋಡಬೇಡಿ, ಕೂಡಿ ಆಡುವವರತ್ತ ಹೋಗಿ ಎಂದು ಟೀಚರುಗಳಿಗೆ ಹೇಳಿದರು. ಟೀಚರುಗಳು ಇದನ್ನು ನಂಬಿರಲಿಲ್ಲ. ಒಬ್ಬರಿಗೊಬ್ಬರು ಹೊಡೆದುಕೊಳ್ಳುವಾಗ ಸುಮ್ಮನಿರುವುದು ಅವರಿಗೆ ಬಹಳ ಕಷ್ಟವಾಯಿತು. ಆದರೂ ಎಣಿಸಿದ ಜಗಳಗಳ ಸರಾಸರಿ 64ರಿಂದ 43ಕ್ಕೆ ಇಳಿಯಿತು. ಕ್ರಮ ಬಿಟ್ಟಾಗ ಸುಮಾರು 52ಕ್ಕೆ ಏರಿತು, ಎರಡನೆಯ ಬಾರಿ ಹಿಡಿದಾಗ ಸುಮಾರು 26ಕ್ಕೆ ಬಂತು. ನಡುವೆ ಬಿಟ್ಟಾಗ ಏರಿದ್ದು ಕೈಜಗಳ; ಬೈಗುಳ ಮಾತ್ರ ಏರಲಿಲ್ಲ, ಇನ್ನೂ ಇಳಿಯಿತು. ಕೈಜಗಳವನ್ನು ಕಂಡೂ ಕಾಣದಂತೆ ಇರುವುದು ಟೀಚರುಗಳಿಗೆ ಅಸಾಧ್ಯವಾದಷ್ಟು, ಬೈಗುಳವನ್ನು ಕೇಳಿಯೂ ಕೇಳದಂತೆ ಇರುವುದು ಅಸಾಧ್ಯವಲ್ಲ ಎಂಬುದೇ ಇದಕ್ಕೆ ಕಾರಣವಿರಬೇಕು.

ಸ್ವಲ್ಪ ದೊಡ್ಡ ಮಕ್ಕಳ ಒಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದನ್ನು ಓದಿದ ಮೇಲೆ ಯಾವ ತರಗತಿಯ ಬಾಗಿಲಲ್ಲಿ ನಿಂತರೂ ಕಿವಿ ಬೇರೆಯದೇ ರೀತಿ ಕೇಳಿಸಿಕೊಳ್ಳುತ್ತದೆ. 1968ರಲ್ಲಿ ವೆಸ್ಲಿ ಬೆಕರ್, ಚಾರ್ಲ್ಸ್ ಮ್ಯಾಡ್ಸನ್ ಮತ್ತು ಸಂಗಡಿಗರು ಒಂದನೆಯ ತರಗತಿಯಲ್ಲಿ, ಇಬ್ಬರು ಟೀಚರುಗಳು ಸೇರಿ ಪಾಠ ಮಾಡುತ್ತಿದ್ದ ಕೋಣೆಯಲ್ಲಿ, ಒಂದು ಸರಳ ಲೆಕ್ಕ ತೆಗೆದರು. ಜಾಗ ಬಿಟ್ಟು ಎದ್ದ ಮಕ್ಕಳಿಗೆ 'ಕೂತ್ಕೋ' ಎಂದು ಹೇಳುವುದನ್ನು ಟೀಚರುಗಳು ಸುಮಾರು ಮೂರುಪಟ್ಟು ಹೆಚ್ಚಿಸಿದರು. ಏಳುವ ಮಕ್ಕಳು ಕಡಿಮೆಯಾಗಲಿಲ್ಲ, ಹೆಚ್ಚಾದರು. ಹೇಳಿದ ಮರುಕ್ಷಣ ಒಂದು ಮಗು ಕೂರುತ್ತಿತ್ತು ನಿಜ, ಅದಕ್ಕೇ ಟೀಚರಿಗೆ ತಮ್ಮ ಮಾತು ನಡೆಯಿತು ಅನ್ನಿಸುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಇಬ್ಬರು ಎದ್ದಿರುತ್ತಿದ್ದರು. ಕೂತು ಕೆಲಸ ಮಾಡುತ್ತಿದ್ದವರನ್ನು ಮೆಚ್ಚಿ ಮಾತಾಡಿದಾಗ ಏಳುವುದು ಇಳಿಯಿತು. ಕೂಗಿ ಗಂಟಲು ಕಟ್ಟಿಸಿಕೊಳ್ಳುವ ನಮ್ಮ ಎಷ್ಟೋ ಟೀಚರುಗಳು ಒಂದು ಬೆಳಗಿನ ಮಟ್ಟಿಗೆ ಇದನ್ನು ಎಣಿಸಿ ನೋಡಬಹುದು, ಖರ್ಚಿಲ್ಲದ ಪ್ರಯೋಗ.

ಮೆಚ್ಚುಗೆಯೇ ಮದ್ದು ಎಂದು ಗೊತ್ತಾದ ಮೇಲೆ ಅದರ ಅಂಗಡಿ ತೆರೆಯಲು ಎಷ್ಟು ಹೊತ್ತು? ಸ್ಟಾರುಗಳು ಬಂದವು, ಸ್ಟಿಕ್ಕರುಗಳು ಬಂದವು, ಗೋಡೆಯ ಮೇಲೆ ಮಕ್ಕಳ ಹೆಸರಿನ ಚಾರ್ಟುಗಳು ಬಂದವು. 1973ರಲ್ಲಿ ಸ್ಟ್ಯಾನ್‌ಫರ್ಡಿನ ಬಿಂಗ್ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗದ ವರದಿಯನ್ನು ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದರು. ಬಣ್ಣದ ಮಾರ್ಕರ್ ಪೆನ್ನುಗಳಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ 51 ಮಕ್ಕಳು. ಕೆಲವರಿಗೆ, ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು, ಯಾರೂ ಹೇಳದೆ ಮಕ್ಕಳು ತಾವಾಗಿ ಪೆನ್ನು ಹಿಡಿಯುವುದು ಎಷ್ಟು ಹೊತ್ತು ಎಂದು ನೋಡಿದರೆ, ಬಹುಮಾನದ ಮಾತು ಮೊದಲೇ ಕೇಳಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಿಡಿಸುತ್ತಿದ್ದರು. ಹೇಳದೆ ಕೊಟ್ಟ ಬಹುಮಾನ ಅಂಥ ಕೇಡು ಮಾಡಿರಲಿಲ್ಲ. ಸಿಯಾಟಲಿನ ಟೀಚರುಗಳು ಕೊಟ್ಟದ್ದು ಒಡನಾಟ, ಹತ್ತಿರ ನಿಂತು ಆಡಿದ ಮಾತು. ಅದನ್ನು 'ಮಾಡಿದರೆ ಕೊಡುತ್ತೇನೆ' ಎಂಬ ವ್ಯಾಪಾರಕ್ಕೆ ಇಳಿಸಿದರೆ ಅದು ಬೇರೆಯೇ ವಸ್ತುವಾಗುತ್ತದೆ. ನನ್ನ ಮಟ್ಟಿಗೆ, ಗೋಡೆಯ ಚಾರ್ಟಿನಲ್ಲಿ ಒಂದೂ ಸ್ಟಾರ್ ಇಲ್ಲದ ಮಗುವಿನ ಹೆಸರನ್ನು ಎಲ್ಲರೂ ಓದುವಂತೆ ಬರೆದಿಡುವುದಕ್ಕೂ ಮೂಲೆಯಲ್ಲಿ ನಿಲ್ಲಿಸುವುದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಮೂಲೆಯ ಮಾತು ಬಂದದ್ದರಿಂದ ಟೈಮ್ ಔಟ್, ಅಂದರೆ ತಪ್ಪು ಮಾಡಿದ ಮಗುವನ್ನು ಸ್ವಲ್ಪ ಹೊತ್ತು ಬೇರೆಯಾಗಿ ಇಡುವ ಕ್ರಮದ ಬಗ್ಗೆಯೂ ಹೇಳಬೇಕು. ಅದೂ ಇದೇ ಗುಂಪಿನ ಕೂಸು. ಟಕೋಮಾ ಬಳಿಯ ಮಾನಸಿಕ ಆಸ್ಪತ್ರೆಯಲ್ಲಿ ಮೂರೂವರೆ ವರ್ಷದ ಒಬ್ಬ ಹುಡುಗನಿದ್ದ. ಆಟಿಸಂ ಇದ್ದವನು, ಕಣ್ಣಿನ ಪೊರೆ ತೆಗೆದಿದ್ದರು, ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುವ ಭಯ. ಮುಟ್ಟಿದರೆ ಕಿರುಚಾಟ, ತಲೆ ಚಚ್ಚಿಕೊಳ್ಳುವುದು. ವುಲ್ಫ್, ರಿಸ್ಲಿ ಮತ್ತು ಹೇಡನ್ ಮೀಸ್ ಎರಡು ಕೆಲಸ ಒಟ್ಟಿಗೆ ನಡೆಸಿದರು. ಕನ್ನಡಕದ ಚೌಕಟ್ಟನ್ನು ಮುಟ್ಟಿದರೂ ತಿನ್ನಲು ಏನಾದರೂ ಕೊಟ್ಟು ಮೆಲ್ಲನೆ ಕಣ್ಣಿನವರೆಗೆ ತಂದರು. ಕಿರುಚಾಟ ಶುರುವಾದರೆ ಅವನ ಕೋಣೆಯಲ್ಲಿ ಬಿಟ್ಟು, ನಿಂತ ಮೇಲೆ ಬಾಗಿಲು ತೆರೆದರು. 1964ರ ಆ ವರದಿ ಬಹಳ ಹೆಸರು ಮಾಡಿತು. ಹುಡುಗ ಕನ್ನಡಕ ಹಾಕಿದ, ಮನೆಗೆ ಹೋದ, ಆಮೇಲೆ ಅದೇ ಸಿಯಾಟಲಿನ ಶಿಶುವಿಹಾರಕ್ಕೂ ಬಂದ. ಆದರೆ ವರದಿಯಿಂದ ಊರೂರಿಗೆ ಹರಡಿದ್ದು ಬಾಗಿಲು ಹಾಕುವ ಭಾಗ. ದೃಷ್ಟಿ ಉಳಿಸಲು ಒಂದು ಮಗುವಿಗೆ ಮಾಡಿದ್ದು, ಹಾಲು ಚೆಲ್ಲಿದ ಮಗುವಿಗೂ ಶಿಕ್ಷೆಯಾಯಿತು.

ಅದನ್ನು ತಿದ್ದಿದ್ದು ರಿಸ್ಲಿಯ ತಂಡವೇ. 1965ರ ಹೊತ್ತಿಗೆ ವುಲ್ಫ್, ಬೇರ್, ರಿಸ್ಲಿ, ಹಾರ್ಟ್ ಎಲ್ಲರೂ ಕ್ಯಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. 1976ರಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳ ಒಂದು ಡೇ ಕೇರ್‌ನಿಂದ ಹೊಸ ವರದಿ ಬಂತು; ಬರೆದವರು ಜಾನ್ ಪೋರ್ಟರ್‌ಫೀಲ್ಡ್, ಎಮಿಲಿ ಹರ್ಬರ್ಟ್-ಜಾಕ್ಸನ್ ಮತ್ತು ರಿಸ್ಲಿ. ಮಗು ಇನ್ನೊಂದು ಮಗುವಿನ ಕೈಯಿಂದ ಆಟಿಕೆ ಕಸಿದರೆ ಅಥವಾ ಹೊಡೆದರೆ, ನೋಡಿಕೊಳ್ಳುವವರು ಮೊದಲು ಅದು ಏನು ಮಾಡಿತು, ಬದಲಿಗೆ ಹೇಗೆ ಮಾಡಬಹುದಿತ್ತು ಎಂದು ಎರಡು ಮಾತಿನಲ್ಲಿ ಹೇಳುವರು. ಆಮೇಲೆ ಅದನ್ನು ಆಟದ ಅಂಚಿಗೆ ಕರೆದೊಯ್ದು ನೆಲದ ಮೇಲೆ ಕೂರಿಸಿ, ಬೇರೆ ಮಕ್ಕಳು ಹೇಗೆ ಕೇಳಿ ತೆಗೆದುಕೊಳ್ಳುತ್ತಾರೆ ನೋಡು ಎನ್ನುವರು. ಗೋಡೆಗೆ ಮುಖವಿಲ್ಲ, ಬೇರೆ ಕೋಣೆಯಿಲ್ಲ, ನಾಚಿಕೆಪಡಿಸುವ ಕುರ್ಚಿಯಿಲ್ಲ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮತ್ತೆ ಬಂದು, ಈಗ ಗೊತ್ತಾಯಿತೇ ಎಂದು ಕೇಳಿ ಆಟಕ್ಕೆ ಸೇರಿಸುವರು. ಸೇರಿ ಸರಿಯಾಗಿ ಆಡಿದ ಕೂಡಲೇ ಅದನ್ನು ಗಮನಿಸುವರು. ಬೇರೆ ಆಟಿಕೆ ಕೊಟ್ಟು ಮನಸ್ಸು ತಿರುಗಿಸುವ ಚಾಲ್ತಿಯ ಉಪಾಯಕ್ಕಿಂತ ಇದರಲ್ಲಿ ಗಲಾಟೆ ಬಹಳ ಕಡಿಮೆಯಾಯಿತು.

ಆ ವರದಿಯ ಶೀರ್ಷಿಕೆಯಲ್ಲೇ, ಈ ಕ್ರಮ ಫಲ ಕೊಡುತ್ತದೆ ಎಂಬುದರ ಜೊತೆಗೆ ಜನ ಒಪ್ಪುವಂಥದ್ದು ಎಂಬ ಮಾತೂ ಸೇರಿದೆ. ಡೇ ಕೇರ್ ನೋಡಿಕೊಳ್ಳುವವರನ್ನೂ ಹೆತ್ತವರನ್ನೂ ಕೇಳಿ, ಅವರ ಉತ್ತರವನ್ನೂ ಫಲಿತಾಂಶವೆಂದೇ ಬರೆದಿದ್ದರು. ಎರಡು ವರ್ಷದ ನಂತರ, 1978ರಲ್ಲಿ, ವುಲ್ಫ್ ಇದನ್ನೇ ವಾದವಾಗಿ ಮಂಡಿಸಿ ಒಂದು ಲೇಖನ ಬರೆದ: ಅಂಕಿ ಇಳಿದರೆ ಸಾಲದು, ನಮ್ಮ ಗುರಿ ನಿಮಗೆ ಬೇಕಾದದ್ದೇ, ನಮ್ಮ ದಾರಿ ನಿಮಗೆ ಸಮ್ಮತವೇ ಎಂದು ಜನರನ್ನೇ ಕೇಳಬೇಕು. ಹತ್ತು ಸೆಕೆಂಡಿಗೊಂದು ಚೌಕ ತುಂಬಿಸಿ ಬೆಳೆದ ವಿಜ್ಞಾನಿ, ಎಣಿಸಲಾಗದ್ದಕ್ಕೂ ಜಾಗ ಕೊಡಿ ಎಂದ. ಅವನ ಒಡನಾಡಿಗಳಲ್ಲಿ ಹಲವರಿಗೆ ಇದು ಸುಲಭದ ತುತ್ತಾಗಿರಲಿಲ್ಲ.

ಇದೆಲ್ಲ ನಮ್ಮ ಅಂಗನವಾಡಿಗೆ ಹೊಂದುತ್ತದೆಯೇ? ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಕ್ಕಳ ತೂಕ, ಮೊಟ್ಟೆ, ಹಾಲಿನ ಪುಡಿ, ಗರ್ಭಿಣಿಯರ ಪಟ್ಟಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಎಲ್ಲ ಅವರ ತಲೆಯ ಮೇಲೆ. ಕಾಗದ ಹಿಡಿದು ಪಕ್ಕದಲ್ಲಿ ಕೂರಲು ಮೂರನೆಯವರಿಲ್ಲ. ಸಿಯಾಟಲಿನ ಅನುಕೂಲ ನಮಗಿಲ್ಲ ಎಂಬುದು ಸರಿಯೇ. ಆದರೆ ಗಮನ ಕಡಿಮೆ ಇದ್ದಷ್ಟೂ ಅದು ಎಲ್ಲಿ ಬೀಳುತ್ತದೆ ಎಂಬುದು ಹೆಚ್ಚು ಮುಖ್ಯವಾಗುತ್ತದೆಯೇ ಹೊರತು ಕಡಿಮೆಯಲ್ಲ. ರಿಜಿಸ್ಟರಿನಿಂದ ತಲೆ ಎತ್ತುವುದು ದಿನಕ್ಕೆ ಕೆಲವೇ ಸಲ ಎಂದಾದರೆ, ಆ ಕೆಲವು ಸಲವೂ ಯಾರೋ ಯಾರನ್ನೋ ಚಿವುಟಿದ್ದಕ್ಕೇ ಎತ್ತಿದರೆ, ಮಕ್ಕಳು ಟೀಚರ್ ಮುಖ ನೋಡಲು ಯಾವ ದಾರಿ ಹಿಡಿದಾರು?

ಬೆಟ್ಟಿ ಹಾರ್ಟ್ ಕತೆ ಉಳಿದಿದೆ. ಸಿಯಾಟಲಿನಲ್ಲಿ ಅಳುವನ್ನು ಎಣಿಸಿದ ಆಕೆ ಕ್ಯಾನ್ಸಾಸಿನಲ್ಲಿ ರಿಸ್ಲಿ ಜೊತೆ ಸೇರಿ ಎಣಿಕೆಯನ್ನು ಮನೆಗಳೊಳಕ್ಕೆ ಒಯ್ದರು. 42 ಕುಟುಂಬಗಳು, ತಿಂಗಳಿಗೊಮ್ಮೆ ಒಂದು ಗಂಟೆ, ಮಗು ಮಾತು ಕಲಿಯುವ ಮೊದಲಿಂದ ಮೂರು ವರ್ಷವಾಗುವವರೆಗೆ ಸುಮಾರು ಎರಡೂವರೆ ವರ್ಷ. ಆಡಿದ್ದನ್ನೆಲ್ಲ ಧ್ವನಿಮುದ್ರಿಸಿ ಒಂದೊಂದೇ ಪದ ಬರೆದುಕೊಂಡರು. 1995ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸ ಪ್ರಸಿದ್ಧವಾದದ್ದು ಮಕ್ಕಳ ಕಿವಿಗೆ ಬೀಳುವ ಪದಗಳ ಸಂಖ್ಯೆಗಾಗಿ. ಅದರೊಳಗೆ ಇನ್ನೊಂದು ಲೆಕ್ಕವೂ ಇತ್ತು: ಒಂದು ಗಂಟೆಯಲ್ಲಿ ಮಗುವಿಗೆ ಎಷ್ಟು ಸಲ ಹೌದು, ಚೆನ್ನಾಗಿದೆ ಎಂದು ಹೇಳಿದರು, ಎಷ್ಟು ಸಲ ಬೇಡ, ನಿಲ್ಲಿಸು ಎಂದು ಹೇಳಿದರು. ದೊಡ್ಡ ಉದ್ಯೋಗಸ್ಥರ ಮನೆಗಳಲ್ಲಿ 32 ಮೆಚ್ಚುಗೆಗೆ 5 ತಡೆ, ಕಾರ್ಮಿಕ ವರ್ಗದ ಮನೆಗಳಲ್ಲಿ 12ಕ್ಕೆ 7, ಸರಕಾರದ ನೆರವಿನಲ್ಲಿ ಬದುಕುತ್ತಿದ್ದ ಮನೆಗಳಲ್ಲಿ 5ಕ್ಕೆ 11. ಈ ಕೊನೆಯ ಗುಂಪಿನಲ್ಲಿ ಇದ್ದದ್ದು ಆರೇ ಕುಟುಂಬಗಳು. ಅಷ್ಟರಿಂದ ಬಡವರೆಲ್ಲರ ಬಗ್ಗೆ ಹೇಳಬಹುದೇ, ನೋಟ್ ಪುಸ್ತಕ ಹಿಡಿದ ಅಪರಿಚಿತರು ನಡುಮನೆಯಲ್ಲಿ ಕೂತಿದ್ದಾಗ ಯಾರು ಎಂದಿನಂತೆ ಮಾತಾಡುತ್ತಾರೆ ಎಂಬ ಆಕ್ಷೇಪಗಳು ಎದ್ದವು, ವಿದ್ವಾಂಸರ ನಡುವೆ ಇವತ್ತಿಗೂ ಜಗಳವಿದೆ. ಆಕ್ಷೇಪ ಎತ್ತಿದವರ ಪಕ್ಷಕ್ಕೇ ನನ್ನ ಮತ. ಬಾಡಿಗೆ, ಸಾಲ, ಎರಡು ಪಾಳಿಯ ಕೆಲಸ ಇವನ್ನು ಲೆಕ್ಕಕ್ಕೆ ಹಿಡಿಯದೆ ತಾಯಿಯ ಬಾಯಿಂದ ಬಂದ 'ಬೇಡ'ಗಳನ್ನಷ್ಟೇ ಎಣಿಸಿದರೆ ಅರ್ಧ ಸತ್ಯ ಸಿಗುತ್ತದೆ. ಆದರೂ 2012ರಲ್ಲಿ ತೀರಿಕೊಂಡ ಹಾರ್ಟ್ ಎಣಿಸಿ ಬಿಟ್ಟುಹೋದ ಆ ಅರ್ಧ ಸತ್ಯ, ಶಿಶುವಿಹಾರ ನಡೆಸುವವರಿಗೆ ಈಗಲೂ ಉಪಯೋಗಕ್ಕೆ ಬರುತ್ತಿದೆ.